ಏಳು ತಂತಿಗಳ ಚೌಡಯ್ಯನವರು

ಕುಂಬ್ಡಾಜೆಯಲ್ಲಿ ಪರಿಚಯದ ಕೃಷಿಕರೊಬ್ಬರ ಮನೆಯಲ್ಲಿ ಈಚೆಗೆ ಒಂದು ಚರ್ಚೆ ನಡೆಯಿತು. ಮಂಗಳೂರಿನಲ್ಲಿ ಓದುತ್ತಿರುವ ಅವರ ಮಗ ರಜೆಗೆ ಬರುವಾಗ ಒಂದು ಎಲೆಕ್ಟ್ರಿಕ್ ಗಿಟಾರ್ ತಂದಿದ್ದ. ಈ ವಾದ್ಯಕ್ಕೆ ವೀಣೆ, ತಂಬೂರಿಗಳಂತೆ ಬುರುಡೆಯಿಲ್ಲ. ಗಟ್ಟಿಮರದ ಹಲಗೆಯ ಮೇಲೆ ತಂತಿ ಬಿಗಿದದ್ದು. ಮೀಟಿದರೆ ಪಕ್ಕದ ಕೋಣೆಗೂ ಕೇಳಿಸದು. ತಂತಿಯ ಅಡಿಯಲ್ಲಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಕಂಪನವನ್ನು ವಿದ್ಯುತ್ತಾಗಿ ಹಿಡಿದು ಆಂಪ್ಲಿಫಯರಿಗೆ ಒಪ್ಪಿಸಿದ ಮೇಲೆಯೇ ಸ್ವರ ಹೊರಡಬೇಕು. ಆದ್ದರಿಂದ ಗಿಟಾರ್ ಕೊಂಡು ಮುಗಿದರೂ ಅರ್ಧ ವಾದ್ಯ ಮಾತ್ರ ಮನೆಗೆ ಬಂದಂತಾಯಿತು. ಉಳಿದ ಅರ್ಧಕ್ಕಾಗಿ ಹುಡುಗನಿಗೆ 100 ವಾಟಿನ ಆಂಪ್ಲಿಫಯರ್ ಬೇಕು. ತಂದೆಯ ಲೆಕ್ಕದಲ್ಲಿ 10 ವಾಟೇ ಧಾರಾಳ. ಚಾವಡಿಯಲ್ಲಿ ಕುಳಿತಿದ್ದ ನನ್ನನ್ನು ಇಬ್ಬರೂ ಪಂಚಾತಿಕೆಗೆ ಎಳೆದರು.

ವಾಟಿನ ಲೆಕ್ಕ ಅಡಿಕೆಯ ತೂಕದ ಲೆಕ್ಕದಂತಲ್ಲ. 50 ವಾಟನ್ನು 100 ಮಾಡಿದರೆ ಶಬ್ದ ಇಮ್ಮಡಿಯಾಗುವುದಿಲ್ಲ. 3 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿ ಅದನ್ನು ಹೌದೋ ಅಲ್ಲವೋ ಎಂಬಷ್ಟು ಗುರುತಿಸುತ್ತದೆ. ಕೇಳುವವನಿಗೆ ಇಮ್ಮಡಿ ಎನ್ನಿಸಬೇಕಾದರೆ ಸುಮಾರು 10 ಪಟ್ಟು ವಾಟ್ ಬೇಕು. ಒಂದು ಸ್ವರ ದೂರಕ್ಕೆ ತಲುಪುವುದು ಬಲದಿಂದಷ್ಟೇ ಅಲ್ಲ, ಆ ಸ್ವರದ ಗುಣದಿಂದಲೂ ಹೌದು. ಇದನ್ನು ಹೇಳುತ್ತಿದ್ದಂತೆ ನನಗೆ ನೆನಪಾದವರು ಗಿಟಾರ್ ವಾದಕರಾರೂ ಅಲ್ಲ. ಇದೇ ಪ್ರಶ್ನೆಯನ್ನು, ಆಂಪ್ಲಿಫಯರ್ ಎಂಬುದು ನಮ್ಮ ಕಛೇರಿಗಳಿಗೆ ಬರುವ ಮುಂಚೆಯೇ, ತಮ್ಮ ಕೈಯಾರೆ ಬಿಡಿಸಿಕೊಂಡ ಮೈಸೂರು ಟಿ. ಚೌಡಯ್ಯನವರು. ಹಿರಿಯ ಓದುಗರಿಗೆ ಅವರ ಹೆಸರು ಹೊಸದಲ್ಲ. ಕಿರಿಯರಿಗೆ ಬೆಂಗಳೂರಿನ ಪಿಟೀಲಿನಾಕಾರದ ಸಭಾಭವನದ ಹೆಸರಾಗಿ ಮಾತ್ರ ಗೊತ್ತಿರಬಹುದು.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರು ಸೀಮೆಯ ತಿರುಮಕೂಡಲಿನಲ್ಲಿ. ಕಾವೇರಿಯೂ ಕಪಿಲೆಯೂ ಕೂಡುವ ಊರು ಅದು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಒಕ್ಕಲುತನದ ಮನೆ. ಅಂದಿನ ದಿನಗಳಲ್ಲಿ ಶಾಸ್ತ್ರೀಯ ಸಂಗೀತದ ಕಲಿಕೆ ಬಹುಮಟ್ಟಿಗೆ ಕೆಲವೇ ಸಮುದಾಯಗಳ ಮನೆಗಳೊಳಗೆ ನಡೆಯುತ್ತಿದ್ದುದು. ಗೌಡರ ಮನೆಯ ಹುಡುಗ ಪಿಟೀಲು ಹಿಡಿದು ವೇದಿಕೆಯ ಮೇಲೆ ಕುಳಿತುಕೊಳ್ಳುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. ಶಾಲೆಯ ಪಾಠ ಅವರಿಗೆ ಹೆಚ್ಚು ಹತ್ತಲಿಲ್ಲ, ಸಂಗೀತ ಹತ್ತಿತು. ಮನೆಯವರು ಅದಕ್ಕೆ ಅಡ್ಡಿಯಾಗಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

1910ರ ಸುಮಾರಿಗೆ ಅವರು ಮೈಸೂರಿಗೆ ಬಂದು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಇಲ್ಲಿ ನಮ್ಮ ಜಿಲ್ಲೆಯ ಓದುಗರು ಕೊಂಚ ನಿಲ್ಲಬೇಕು. ಮೈಸೂರಿನ ಸಂಗೀತಕ್ಕೆ ಕಳಶವಿಟ್ಟ ಈ ಕೃಷ್ಣಪ್ಪನವರು ಮೈಸೂರಿನವರಲ್ಲ. ತುಳುನಾಡಿನವರು, ಕಾರ್ಕಳದ ಹತ್ತಿರದ ನಂದಳಿಕೆಯವರು. 1866ರಲ್ಲಿ ಹುಟ್ಟಿದರು. ಅದೇ ನಂದಳಿಕೆಯಲ್ಲಿ 1870ರಲ್ಲಿ ಕವಿ ಮುದ್ದಣ ಹುಟ್ಟಿದ. ಕೃಷ್ಣಪ್ಪನವರದು ಕೊಂಕಣಿ ಮನೆಮಾತಿನ ಕುಟುಂಬ, ಯಕ್ಷಗಾನದ ನಂಟಿದ್ದ ಮನೆತನ. ಆ ಕಾಲಕ್ಕೆ ನಂದಳಿಕೆಯೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳು. ಘಟ್ಟ ಹತ್ತಿ ಹೋದ ಬಡಹುಡುಗನೊಬ್ಬ ಮೈಸೂರು ಅರಮನೆಯ ವಿದ್ವಾಂಸನಾಗಿ, ದಾಸರ ದೇವರನಾಮಗಳನ್ನು ಕಛೇರಿಯ ವೇದಿಕೆಯಲ್ಲಿ ಘನವಾಗಿ ಹಾಡಿ ಮದರಾಸಿನವರೆಗೂ ಹೆಸರಾದ ಕತೆ ಬೇರೆಯೇ ಒಂದು ಲೇಖನಕ್ಕೆ ಯೋಗ್ಯವಾದದ್ದು.

ಕೃಷ್ಣಪ್ಪನವರ ಕಂಠ ದೊಡ್ಡದು, ಶಿಸ್ತು ಅದಕ್ಕಿಂತ ದೊಡ್ಡದು. ಗುರುಕುಲದ ದಿನಗಳಲ್ಲಿ ಚೌಡಯ್ಯನವರು ಪಟ್ಟ ಪಾಡನ್ನು ಮೈಸೂರಿನ ಹಿರಿಯರು ಬಹಳ ಕಾಲ ಹೇಳಿಕೊಂಡು ಬಂದರು. ಬೆಳಗಿನ ಜಾವದ ಸಾಧಕ, ತಪ್ಪಿದರೆ ಪೆಟ್ಟು, ಮತ್ತೆ ಅದೇ ಸ್ವರ. ಕೆಲವು ವರ್ಷಗಳ ಬಳಿಕ ಗುರುಗಳ ಹಾಡಿಗೇ ಪಕ್ಕವಾದ್ಯ ನುಡಿಸುವ ಯೋಗ್ಯತೆ ಶಿಷ್ಯನಿಗೆ ಬಂತು. ಆಗಲೇ ಅವರ ಮುಂದೆ ತೊಡಕು ಎದ್ದು ನಿಂತದ್ದು.

ಆ ಕಾಲದ ಕಛೇರಿಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ದೇವಸ್ಥಾನದ ಪ್ರಾಕಾರ, ಮದುವೆಯ ಚಪ್ಪರ, ರಾಮೋತ್ಸವದ ಪೆಂಡಾಲು. ನೆಲದ ಮೇಲೆ ಕುಳಿತ ನೂರಾರು, ಒಮ್ಮೊಮ್ಮೆ ಸಾವಿರಾರು ಜನ. ಧ್ವನಿವರ್ಧಕವಿಲ್ಲ. ನಮ್ಮ ಬಯಲಾಟದ ಹಳೆಯ ಭಾಗವತರು ಏರುಶ್ರುತಿಯಲ್ಲಿ ಹಾಡಿ ಗದ್ದೆಯ ಆಚೆ ಬದಿಗೂ ಪದ ಮುಟ್ಟಿಸುತ್ತಿದ್ದಂತೆಯೇ ಅಂದಿನ ಗಾಯಕರೂ ಎತ್ತರದ ಶ್ರುತಿಯಲ್ಲಿ, ತೆರೆದ ಗಂಟಲಲ್ಲಿ ಹಾಡುತ್ತಿದ್ದರು. ಮೃದಂಗಕ್ಕೆ ತನ್ನ ಗುಮಕಿಯ ಬಲವಿದೆ. ನಡುವೆ ಸಿಕ್ಕಿಕೊಂಡದ್ದು ಪಿಟೀಲು. ಹಗುರವಾದ ಮರದ ಪೆಟ್ಟಿಗೆ. ರಾಳ ಹಚ್ಚಿದ ಕಮಾನು ತಂತಿಯನ್ನು ಎಳೆದು ಬಿಡುವ ಕಂಪನ ಕುದುರೆಯ ಮೂಲಕ ಪೆಟ್ಟಿಗೆಗೆ ಇಳಿದು ಹೊರಗೆ ಬರಬೇಕು. ಗಾಯಕರ ಪಕ್ಕದಲ್ಲಿದ್ದವರಿಗೆ ಅದು ಅಮೃತ. ಹಿಂದಿನ ಸಾಲಿನವರಿಗೆ ಕಮಾನು ಆಡುವುದು ಕಾಣುತ್ತಿತ್ತು, ನಾದ ಕೇಳಿಸುತ್ತಿರಲಿಲ್ಲ. ಗಾಯಕ ರಾಗ ಬಿಟ್ಟು ಪಿಟೀಲಿಗೆ ಅವಕಾಶ ಕೊಟ್ಟ ಕ್ಷಣದಲ್ಲಿ ಹಿಂದಿನವರು ಗುಸುಗುಸು ಮಾತಿಗೆ ಇಳಿಯುವುದು ಸಹಜವಾಗಿತ್ತು. ವಾದಕನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ತಾನು ಏನು ನುಡಿಸಿದರೂ ಅರ್ಧ ಸಭೆಗೆ ಅದು ಇಲ್ಲದ್ದೇ.

ಈ ಸಂಕಟ ಚೌಡಯ್ಯನವರೊಬ್ಬರದ್ದೇ ಆಗಿರಲಿಲ್ಲ. ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಗಿಟಾರ್ ನುಡಿಸುವವರೂ ತುತ್ತೂರಿ, ಡೋಲುಗಳ ಮೇಳದ ನಡುವೆ ತಮ್ಮ ವಾದ್ಯ ಮುಳುಗಿ ಹೋಗುತ್ತದೆಂದು ಗೋಳಿಡುತ್ತಿದ್ದರು. ಅಲ್ಲಿ 1927ರಲ್ಲಿ ಜಾನ್ ಡೋಪ್ಯೆರಾ ಎಂಬವರು ಗಿಟಾರಿನ ಹೊಟ್ಟೆಯೊಳಗೆ ಅಲ್ಯುಮಿನಿಯಮ್ಮಿನ ತೆಳುವಾದ ಮೂರು ಬಟ್ಟಲುಗಳನ್ನು ಕೂರಿಸಿ ನಾದವನ್ನು ಹೆಚ್ಚಿಸಿದರು. ಅದೂ ಸಾಲದೆ, 1930ರ ದಶಕದ ಮೊದಲಿಗೇ ಜಾರ್ಜ್ ಬೋಷಾಂ ಮತ್ತು ರಿಕನ್‌ಬ್ಯಾಕರ್ ಇವರ ಕೈಯಲ್ಲಿ ಅಯಸ್ಕಾಂತದ ಎಲೆಕ್ಟ್ರಿಕ್ ಗಿಟಾರ್ ಹುಟ್ಟಿತು. ಜೊತೆಗೆ ಆಂಪ್ಲಿಫಯರೂ ಬಂತು. ಕುಂಬ್ಡಾಜೆಯ ಹುಡುಗನ ಕೈಯಲ್ಲಿರುವುದು ಆ ವಂಶದ ಮೊಮ್ಮಗು.

ಅಮೆರಿಕದಲ್ಲಿ ಲೋಹದ ಬಟ್ಟಲಿನ ಗಿಟಾರ್ ಬಂದ ಅದೇ 1927ರ ಸುಮಾರಿಗೆ ಮೈಸೂರಿನಲ್ಲಿ ಚೌಡಯ್ಯನವರು ಹಿಡಿದದ್ದು ಬೇರೆ ದಾರಿ. ಲೋಹವೂ ಇಲ್ಲ, ವಿದ್ಯುತ್ತೂ ಇಲ್ಲ. ಪಿಟೀಲಿನ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಕೂಡಿಸಿದರು. ಜೊತೆ ತಂತಿ ಒಂದೋ ಅದೇ ಸ್ವರಕ್ಕೆ, ಇಲ್ಲವೇ ಒಂದು ಸ್ಥಾಯಿಯ ಅಂತರದಲ್ಲಿ ಶ್ರುತಿಗೊಂಡಿರುತ್ತಿತ್ತು. ಹೀಗೆ ಏಳು ತಂತಿಗಳಾದವು.

ಕೇಳಲು ಸರಳ. ಮಾಡಿ ನೋಡಿದವರಿಗೆ ಮಾತ್ರ ಅದರ ಕಷ್ಟ ಗೊತ್ತು. ನಾಲ್ಕು ತಂತಿಗೆಂದು ಕಟ್ಟಿದ ಪೆಟ್ಟಿಗೆಯ ಮೇಲೆ ಏಳು ತಂತಿಗಳ ಎಳೆತ ಬೀಳುತ್ತದೆ. ಬಿರಡೆಗಳಿಗೆ ಜಾಗ ಬೇಕು, ಕುದುರೆಯಲ್ಲಿ ಹೊಸ ಕಚ್ಚುಗಳಾಗಬೇಕು. ಕಮಾನು ಒಂದೇ ಎಳೆತದಲ್ಲಿ ಎರಡು ತಂತಿಗಳನ್ನೂ ಸಮನಾಗಿ ಹಿಡಿಯಬೇಕು, ನೆರೆಯ ಜೋಡಿಯನ್ನು ಮುಟ್ಟಬಾರದು. ಎಲ್ಲಕ್ಕಿಂತ ಹೆಚ್ಚಿನದು ಎಡಗೈಯ ಪರೀಕ್ಷೆ. ಒಂದು ತಂತಿಯ ಮೇಲೆ ಬೆರಳು ಕೂದಲೆಳೆಯಷ್ಟು ಜಾರಿದರೆ ಕೇಳುಗ ಕ್ಷಮಿಸಿಯಾನು. ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಒತ್ತುವಾಗ ಒಂದು ಸರಿಯಾಗಿ ಇನ್ನೊಂದು ಜಾರಿದರೆ ಅಪಸ್ವರ ಸಭೆಯ ಮುಂದೆ ಬೆತ್ತಲಾಗುತ್ತದೆ. ಅದರಲ್ಲೂ ನಮ್ಮ ಸಂಗೀತ ಗಮಕದ ಸಂಗೀತ. ನಿಂತ ಸ್ವರಕ್ಕಿಂತ ಓಲಾಡುವ ಸ್ವರವೇ ಹೆಚ್ಚು. ತೋಡಿಯ ಗಾಂಧಾರವನ್ನು ಎರಡು ತಂತಿಗಳಲ್ಲಿ ಒಟ್ಟೊಟ್ಟಿಗೆ ಓಲಾಡಿಸುವುದೆಂದರೆ ಎರಡು ಎತ್ತುಗಳನ್ನು ಒಂದೇ ಹಗ್ಗದಲ್ಲಿ ಸಂಕದ ಮೇಲೆ ದಾಟಿಸಿದಂತೆ.

ಅವರಿಗೆ ಸಿಕ್ಕಿದ ಫಲವೇನು? ಒಂದೇ ಸ್ವರದ ಎರಡು ತಂತಿಗಳು ಕೂಡಿದರೆ ಬಲದಲ್ಲಿ ಆಗುವ ಏರಿಕೆ ಅಲ್ಪವೇ. ಆಂಪ್ಲಿಫಯರನ್ನು 50ರಿಂದ 100 ವಾಟಿಗೆ ಏರಿಸಿದಂತೆಯೇ ಅದು ಕೂಡ. ಆದರೆ ಎರಡು ತಂತಿಗಳು ಎಂದೂ ಅಚ್ಚುಕಟ್ಟಾಗಿ ಒಂದಾಗುವುದಿಲ್ಲ. ಆ ಸೂಕ್ಷ್ಮ ವ್ಯತ್ಯಾಸದಿಂದ ನಾದಕ್ಕೆ ಒಂದು ತುಂಬುತನ ಬರುತ್ತದೆ. ಮೇಲಿನ ಸ್ಥಾಯಿಯ ತಂತಿ ಸೇರಿದಾಗ ನಾದಕ್ಕೆ ಹರಿತವೂ ಸೇರುತ್ತದೆ. ಮನುಷ್ಯನ ಕಿವಿ ಎಲ್ಲ ಸ್ವರಗಳಿಗೂ ಒಂದೇ ತೆರನಾಗಿ ತೆರೆದಿಲ್ಲ. ಸೆಕೆಂಡಿಗೆ 2000ದಿಂದ 4000ದವರೆಗಿನ ಕಂಪನಗಳಿಗೆ ಅದು ಅತ್ಯಂತ ಚುರುಕು. ತುಂಬು ನಾದದ ಮೇಲೆ ಈ ಹರಿತ ಕೂತಾಗ ಸ್ವರ ಮೃದಂಗದ ನಡುವಿನಿಂದ ಸೀಳಿಕೊಂಡು ಹಿಂದಿನ ಸಾಲಿಗೆ ಹೋಗುತ್ತದೆ. ಇಂದಿನ 12 ತಂತಿಗಳ ಗಿಟಾರಿನಲ್ಲೂ ಇದೇ ತತ್ತ್ವ. ಚೌಡಯ್ಯನವರು ಈ ಅಂಕಿಗಳನ್ನು ಓದಿ ಮಾಡಿದವರಲ್ಲ. ಸಭೆಯ ಮುಖ ನೋಡಿ ಮಾಡಿದವರು.

ಗುರುಗಳಿಗೆ ಮೊದಲು ತಿಳಿಸದೆಯೇ ಕೆಲವು ಕಾಲ ಹೊಸ ಪಿಟೀಲನ್ನು ನುಡಿಸಿದರೆಂದೂ, ನಾದದಲ್ಲಿ ಏನೋ ಬದಲಾಗಿದೆಯೆಂದು ಗುರುಗಳು ಗುರುತಿಸಿದ ಮೇಲೆ ಗುಟ್ಟು ಹೊರಬಿತ್ತೆಂದೂ ಒಂದು ಮಾತು ಸಂಗೀತವಲಯದಲ್ಲಿ ಬಳಕೆಯಲ್ಲಿದೆ. ಪೆಟ್ಟು ತಿಂದು ಕಲಿತ ಶಿಷ್ಯನಿಗೆ ಆ ದಿನ ಎದೆ ಹೇಗೆ ಬಡಿದುಕೊಂಡಿರಬೇಕು! ಕೃಷ್ಣಪ್ಪನವರು ಬೈಯಲಿಲ್ಲ, ಮೆಚ್ಚಿದರು ಎಂದೇ ಆ ಮಾತಿನ ಮುಕ್ತಾಯ. 1931ರಲ್ಲಿ ಅವರು ತೀರಿಕೊಂಡರು. ಮೈಸೂರಿನ ಶಿವರಾಂಪೇಟೆಯಲ್ಲಿ ಅವರು ಕಟ್ಟಿಸತೊಡಗಿದ್ದ ಪ್ರಸನ್ನ ಸೀತಾರಾಮ ಮಂದಿರದ ಕೆಲಸವನ್ನು ಪೂರ್ಣಗೊಳಿಸುವ ಹೊಣೆಯನ್ನು ಚೌಡಯ್ಯನವರು ಹೊತ್ತುಕೊಂಡರು. ಎಷ್ಟೋ ಸಂಗೀತಗಾರರು ಆ ಮಂದಿರದಲ್ಲಿ ಹಾಡಿ ಧನ್ಯರಾದರು.

ಮೈಸೂರಿನ ಕೀರ್ತಿ ಒಂದು, ಮದರಾಸಿನ ಮನ್ನಣೆ ಇನ್ನೊಂದು. ಅಂದು ಕರ್ನಾಟಕ ಸಂಗೀತದ ರಾಜಧಾನಿ ಮದರಾಸು. ಅಲ್ಲಿನ ಸಭೆಗಳಲ್ಲಿ ಕನ್ನಡಿಗನೊಬ್ಬ ಪಕ್ಕವಾದ್ಯದ ಮೊದಲ ಸಾಲಿಗೆ ಏರುವುದು ಸುಲಭವಾಗಿರಲಿಲ್ಲ. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಮೈಸೂರು ಚೌಡಯ್ಯ ಈ ಮೂವರನ್ನು ಆ ಕಾಲದ ಪಿಟೀಲಿನ ತ್ರಿಮೂರ್ತಿಗಳೆಂದು ಜನ ಕರೆದರು. ಅರಿಯಕ್ಕುಡಿ ರಾಮಾನುಜಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ದಿಗ್ಗಜರಿಗೆಲ್ಲ ಅವರು ನುಡಿಸಿದರು.

ಆದರೂ ಚೌಡಯ್ಯನವರ ಹೆಸರಿನ ಜೊತೆಗೆ ತಾನಾಗಿ ಬರುವ ಹೆಸರು ಚೆಂಬೈ ವೈದ್ಯನಾಥ ಭಾಗವತರದ್ದು. ಪಾಲಕ್ಕಾಡಿನ ಹತ್ತಿರದ ಕೋಟ್ಟಾಯಿಯವರು, 1896ರಲ್ಲಿ ಹುಟ್ಟಿದವರು, ಚೌಡಯ್ಯನವರಿಗಿಂತ ಒಂದೇ ವರ್ಷ ಕಿರಿಯರು. ಚೆಂಬೈಯವರದು ಕಂಚಿನ ಗಂಟೆಯಂಥ ಕಂಠ. ಅಂಥ ಕಂಠದ ಪಕ್ಕದಲ್ಲಿ ಸಾಧಾರಣ ಪಿಟೀಲು ಅಡಗಿಯೇ ಹೋದೀತು. ಏಳು ತಂತಿಗಳ ಪಿಟೀಲು ಅಡಗಲಿಲ್ಲ. ಚೆಂಬೈ, ಚೌಡಯ್ಯ, ಮೃದಂಗಕ್ಕೆ ಪಾಲಕ್ಕಾಡ್ ಮಣಿ ಅಯ್ಯರ್ ಈ ಮೂವರ ಕೂಟ ಎಲ್ಲಿದೆಯೋ ಅಲ್ಲಿ ಪೆಂಡಾಲು ತುಂಬುತ್ತಿತ್ತು. ಒಬ್ಬರು ಮೈಸೂರಿನ ಕನ್ನಡಿಗ, ಇಬ್ಬರು ಕೇರಳದವರು. ಭಾಷೆಯ ಹೆಸರಿನಲ್ಲಿ ನಾವು ಈ ಗಡಿನಾಡಿನಲ್ಲಿ ಕಂಡುಂಡ ಕಹಿ ಏನೇ ಇರಲಿ, ಆ ವೇದಿಕೆಯ ಮೇಲೆ ಮಾತಿಗಿಂತ ಮೊದಲು ಶ್ರುತಿ ಕೂಡಿತ್ತು ಎಂಬುದನ್ನು ಒಪ್ಪಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಕವನ್ನು ಮುಚ್ಚಿಡುವುದು ಸರಿಯಲ್ಲ. ಏಳು ತಂತಿಗಳ ನಾದ ಎಲ್ಲರಿಗೂ ರುಚಿಸಲಿಲ್ಲ. ದ್ವಾರಂ ಅವರ ನವಿರಾದ ಕಮಾನಿಗೆ ಕಿವಿ ಒಗ್ಗಿದವರಿಗೆ ಚೌಡಯ್ಯನವರ ನಾದ ಒರಟಾಗಿ ಕೇಳಿಸಿತು. ಪಕ್ಕವಾದ್ಯ ಪಕ್ಕದಲ್ಲಿರಬೇಕು, ಗಾಯಕನನ್ನು ಮುಚ್ಚಬಾರದು ಎಂಬ ಆಕ್ಷೇಪವೂ ಇತ್ತು. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಕಂಠ ಸಣ್ಣದಿದ್ದವರ ಪಕ್ಕದಲ್ಲಿ ಏಳು ತಂತಿಗಳೂ ಒಟ್ಟಿಗೆ ಮೊಳಗಿದರೆ ಗಾಯಕನ ಗತಿಯೇನು? ಶಬ್ದ ಹೆಚ್ಚಿಸುವ ಶಕ್ತಿ ಕೈಗೆ ಬಂದವನಿಗೆ ಅದನ್ನು ತಗ್ಗಿಸಿ ನುಡಿಸುವ ಹೊಣೆಯೂ ಬರುತ್ತದೆ. ಆ ಹೊಣೆಯನ್ನು ಚೌಡಯ್ಯನವರು ಎಲ್ಲ ಕಛೇರಿಗಳಲ್ಲೂ ಒಂದೇ ತೆರನಾಗಿ ನಿಭಾಯಿಸಿದರೆಂದು ಅವರ ಅಭಿಮಾನಿಗಳೂ ವಾದಿಸಲಿಕ್ಕಿಲ್ಲ.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1930ರ ದಶಕದಿಂದ ಕಛೇರಿಗಳಿಗೆ ಮೈಕು ಬರತೊಡಗಿತು. ಯಾವ ಕೊರತೆಯನ್ನು ನೀಗಿಸಲು ಚೌಡಯ್ಯನವರು ಅಷ್ಟು ಪಾಡುಪಟ್ಟರೋ ಆ ಕೊರತೆಯೇ ಇಲ್ಲವಾಯಿತು. ನಾಲ್ಕು ತಂತಿಯ ಪಿಟೀಲಿನ ಮುಂದೆ ಒಂದು ಮೈಕು ನಿಲ್ಲಿಸಿದರೆ ಹಿಂದಿನ ಸಾಲೂ ಮುಂದಿನ ಸಾಲೂ ಒಂದೇ. ಹಾಗೆಂದು ಅವರು ಹಳೆಯ ಪಿಟೀಲಿಗೆ ಮರಳಲಿಲ್ಲ. ಅವರ ಮಟ್ಟಿಗೆ ಆ ಏಳು ತಂತಿಗಳು ಶಬ್ದ ಹೆಚ್ಚಿಸುವ ಉಪಾಯವಾಗಿ ಉಳಿದಿರಲಿಲ್ಲ. ಅವರ ಸ್ವಂತ ದನಿಯೇ ಆಗಿಹೋಗಿತ್ತು. ಹತ್ತೊಂಬತ್ತು ತಂತಿಗಳ ಪಿಟೀಲನ್ನೂ ಅವರು ಮಾಡಿ ನೋಡಿದರು. ಅದು ನೆಲೆಗೊಳ್ಳಲಿಲ್ಲ.

ಮೈಕಿನ ಬಗೆಗೆ ಅಸಮಾಧಾನವಿದ್ದ ಇನ್ನೊಬ್ಬರು ಅದೇ ಕೂಟದ ಪಾಲಕ್ಕಾಡ್ ಮಣಿ ಅಯ್ಯರ್. 1960ರ ದಶಕದಲ್ಲಿ ಅವರು ಮೈಕಿಲ್ಲದ ಕಛೇರಿಗೆ ಮಾತ್ರ ನುಡಿಸುವೆನೆಂದು ಹಟ ಹಿಡಿದರು. ಮೈಕು ಮೃದಂಗದ ನಾದವನ್ನು ಕೆಡಿಸುತ್ತದೆ, ಗಾಯಕರ ಕಂಠಬಲವನ್ನು ಕುಗ್ಗಿಸುತ್ತದೆ ಎಂಬುದು ಅವರ ನಿಲುವು. ಆ ಹಟ ಬಹಳ ಕಾಲ ನಡೆಯಲಿಲ್ಲ. ಸಭಾಭವನಗಳು ದೊಡ್ಡವಾಗಿದ್ದವು, ಕೇಳುಗರ ಕಿವಿ ಮೈಕಿಗೆ ಒಗ್ಗಿಹೋಗಿತ್ತು.

ಚೌಡಯ್ಯನವರ ಬಾಳಿನ ಉಳಿದ ವಿವರಗಳನ್ನು ಬೇಗ ಹೇಳಿ ಮುಗಿಸಬಹುದು. ಮೈಸೂರು ಅರಸರ ಆಸ್ಥಾನ ವಿದ್ವಾಂಸರಾದರು. ಸಂಗೀತರತ್ನ ಎಂಬ ಬಿರುದು ಅವರ ಹೆಸರಿಗೇ ಅಂಟಿಕೊಂಡಿತು. ಹುಟ್ಟೂರನ್ನು ನೆನೆದು ತ್ರಿಮಕುಟ ಎಂಬ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದರು. 1943ರಲ್ಲಿ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿದರು, ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲೇ ಪಂಡರೀಬಾಯಿ ಮೊದಲು ತೆರೆಗೆ ಬಂದದ್ದು. ಆರ್.ಕೆ. ವೆಂಕಟರಾಮಶಾಸ್ತ್ರಿಗಳಂಥ ಶಿಷ್ಯರನ್ನು ಸಿದ್ಧಗೊಳಿಸಿದರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ತಿರುಮಕೂಡಲಿನ ಒಕ್ಕಲು ಮನೆಯ ಹುಡುಗ ಆ ಪೀಠದವರೆಗೆ ನಡೆದ ದಾರಿ ಎಷ್ಟು ಉದ್ದದ್ದೆಂದು ನಾವು ಊಹಿಸಬಹುದಷ್ಟೆ. 1967ರ ಜನವರಿ 19ರಂದು ಅವರು ನಿಧನ ಹೊಂದಿದರು. ಚೆಂಬೈಯವರು ಇನ್ನೂ ಏಳು ವರ್ಷ ಬದುಕಿದ್ದು 1974ರಲ್ಲಿ ತೀರಿಕೊಂಡರು.

ಏಳು ತಂತಿಗಳ ಪಿಟೀಲನ್ನು ಕೆಲವು ಶಿಷ್ಯರು ಕೆಲಕಾಲ ನುಡಿಸಿದರಾದರೂ ಹೊಸ ತಲೆಮಾರಿನ ವಾದಕರು ಅದರ ಕಡೆಗೆ ಹೆಚ್ಚು ತಿರುಗಲಿಲ್ಲ. ವಾದ್ಯ ಉಳಿಯಲಿಲ್ಲ, ಕಟ್ಟಡ ಉಳಿಯಿತು. ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ಶ್ರಮದಿಂದ 1980ರಲ್ಲಿ ಎದ್ದು ನಿಂತ ಚೌಡಯ್ಯ ಸ್ಮಾರಕ ಭವನಕ್ಕೆ ಏಳು ತಂತಿಗಳ ಪಿಟೀಲಿನದೇ ಆಕಾರ. ಬಿರಡೆಗಳೂ ತಂತಿಗಳೂ ಕಟ್ಟಡದ ಮೈಮೇಲೆ ಕಾಣುತ್ತವೆ. ಒಳಗೆ ಸಾವಿರಕ್ಕೂ ಹೆಚ್ಚು ಆಸನಗಳು. ಕೊನೆಯ ಸಾಲಿಗೂ ಕೇಳುವಂತೆ ಮೈಕು, ಸ್ಪೀಕರುಗಳ ಏರ್ಪಾಡು.

ಕುಂಬ್ಡಾಜೆಯ ಚಾವಡಿಯಲ್ಲಿ ಇದನ್ನೆಲ್ಲ ಹೇಳಿ ಮುಗಿಸುವಾಗ ಮುಸ್ಸಂಜೆಯಾಗಿತ್ತು. ಹುಡುಗ ಮಾತಾಡದೆ ಮೊಬೈಲಿನಲ್ಲಿ ಹುಡುಕಿ ಚೆಂಬೈ ಭಾಗವತರ ಹಳೆಯ ಧ್ವನಿಮುದ್ರಣವೊಂದನ್ನು ಹಾಕಿದ. ಹಾಡಿನ ಬೆನ್ನಿಗೆ ಪಿಟೀಲು ಎದ್ದು ಬಂತು. ಹಳೆಯ ಮುದ್ರಣದ ಕರಕರ ಸದ್ದಿನ ನಡುವೆಯೂ ಅದನ್ನು ಬೇರೆ ಮಾಡಿ ಗುರುತಿಸುವುದು ಕಷ್ಟವಾಗಲಿಲ್ಲ. ಮೊಬೈಲಿನ ಸ್ಪೀಕರು ಎಂದರೆ ಒಂದು ವಾಟೂ ಇರಲಾರದು. ಅಡುಗೆಮನೆಯಲ್ಲಿದ್ದ ಅವನ ಅಜ್ಜಿ ಯಾರು ಪಿಟೀಲು ನುಡಿಸುವುದೆಂದು ಕೇಳುತ್ತ ಹೊರಗೆ ಬಂದರು.

ಆಂಪ್ಲಿಫಯರ್ ಇನ್ನೂ ಕೊಂಡಿಲ್ಲ. ಮಾತು ಈಗ 20 ವಾಟಿಗೆ ಬಂದು ನಿಂತಿದೆ ಎಂದು ಕೇಳಿದೆ.